ನಡುಮಡಿಕೆಯಲ್ಲಿ ನಿಂತವರು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎನ್ನುವುದೇ ತಲೆನೋವಾಗಿದೆ. ಪ್ರಳಯದಿಂದ ಶುರು ಮಾಡಬಹುದು. ಒಂದು ಬೆಳಕು ಫಳ್ಳನೆ ಹೊಳೆಯಿತು, ಮನುಷ್ಯರೆಲ್ಲ ಮಾಯವಾದರು, ಅವರ ನೆರಳುಗಳು ಮಾತ್ರ ಬೀದಿಯಲ್ಲಿ ಬಿದ್ದುಕೊಂಡಿದ್ದವು ಎಂದು ಬರೆದರೆ ನೀವು ತಕ್ಷಣಕ್ಕೆ ಎದ್ದು ಹೋಗುವುದಿಲ್ಲ ಎಂಬ ಧೈರ್ಯ ನನಗಿದೆ. ಆದರೆ ಆ ಪ್ರಳಯ ನನ್ನದಲ್ಲ. ಅದು 'ಮಟಮಟ ಮಧ್ಯಾಹ್ನ' ಎಂಬ ಹಾರರ್ ಕಾಮಿಕ್ಸ್‌ನದು. ಒಂಬತ್ತು ಸಂಪುಟ, ಒಂಬತ್ತೂ ಹಾರ್ಡ್‌ಕವರ್, ಒಂಬತ್ತೂ ನನ್ನ ಅಕ್ಕನ ಕಪಾಟಿನಲ್ಲಿವೆ. ಇನ್ನೊಬ್ಬರ ಪ್ರಳಯ ಕದ್ದು ಕಥೆ ಶುರು ಮಾಡುವಷ್ಟು ನಾನಿನ್ನೂ ಕೆಟ್ಟಿಲ್ಲ. (ಈಗ ಕದ್ದಾಯಿತಲ್ಲ ಎನ್ನುತ್ತೀರಾ? ನೀವು ಸ್ವಲ್ಪ ಜಾಸ್ತಿಯೇ ಚುರುಕು.)

೧, ಮತ್ತೊಮ್ಮೆ

"ಧೂಳು ತುಂಬಿದ ಕೋಣೆಯಲ್ಲಿ ಒಬ್ಬ ಒಂಟಿ ಮುದುಕ ತನ್ನ ಪುಸ್ತಕಗಳ ನಡುವೆ ಕೂತಿದ್ದ."

ಇದು ನನ್ನ ಮೊದಲ ಕರಡಿನ ಮೊದಲ ವಾಕ್ಯ. ಪುಸ್ತಕ ಕೂಡಿಡುವವರ ಬಗ್ಗೆ ಬರೆಯಲು ಕೂತರೆ ಕೈ ತಾನಾಗಿಯೇ ಧೂಳಿನ ಕಡೆ ಹೋಗುತ್ತದೆ. ಕರಡನ್ನು ಅಕ್ಕನಿಗೆ ಕಳಿಸಿದೆ. ಅಕ್ಕ ಫೋನ್ ಮಾಡಿದಳು.

"ಧೂಳು ಅಂತ ಬರ್ದಿದೀಯಲ್ಲ. ನನ್ನ ಕಪಾಟಲ್ಲಿ ಧೂಳು ಯಾವಾಗ ನೋಡಿದೆ ನೀನು?"

"ಅದು ನೀನಲ್ಲ ಅಕ್ಕಾ. ಪಾತ್ರ."

"ಪಾತ್ರಕ್ಕೆ ಒಂದು ಬಟ್ಟೆ ತಗೊಂಡು ಒರೆಸೋಕೆ ಏನು ರೋಗ? ಅದೂ ಸಾಲದು ಅಂತ ನನ್ನನ್ನ ಮುದುಕ ಬೇರೆ ಮಾಡಿದೀಯ."

ಮುದುಕನನ್ನು ಅಳಿಸಿ ಹಾಕಿದೆ. ಪಾಪ, ಒಂದೇ ವಾಕ್ಯ ಬದುಕಿದ.

೨

ಹಾಗಾದರೆ ಅಕ್ಕನನ್ನೇ ಬರೆಯುತ್ತೇನೆ. ಅಕ್ಕ ಲಿಫ್ಟ್‌ಗಳನ್ನು ತಪಾಸಣೆ ಮಾಡುವವಳು. ಹೆಲ್ಮೆಟ್ ಹಾಕಿಕೊಂಡು ಎತ್ತರದ ಕಟ್ಟಡಗಳ ಲಿಫ್ಟ್ ಗುಂಡಿಗೆ ಇಳಿಯುತ್ತಾಳೆ, ಉಕ್ಕಿನ ಹಗ್ಗದ ಎಳೆ ಸವೆದಿದೆಯೇ, ಬ್ರೇಕ್ ಹಿಡಿಯುತ್ತದೆಯೇ ಎಂದು ಟಾರ್ಚ್ ಬಿಟ್ಟು ನೋಡುತ್ತಾಳೆ. ಒಪ್ಪಿಗೆಯಾಗದಿದ್ದರೆ ಕಟ್ಟಡದ ಮಾಲೀಕ ಎಷ್ಟೇ ದೊಡ್ಡ ಕುಳವಾಗಿದ್ದರೂ ಲಿಫ್ಟ್‌ಗೆ ಬೀಗ ಜಡಿದು ಬರುತ್ತಾಳೆ. ದಿನವಿಡೀ ಗ್ರೀಸು ಮೆತ್ತಿಕೊಂಡ ಕೈ. ಮನೆಗೆ ಬಂದರೆ ಅದೇ ಕೈಯನ್ನು ಮೊಣಕೈವರೆಗೂ ಸೋಪು ಹಚ್ಚಿ ತೊಳೆದು, ಬಿಳಿ ಹತ್ತಿಯ ಗ್ಲೌಸ್ ಹಾಕಿಕೊಂಡು ಕಪಾಟಿನ ಗಾಜು ಸರಿಸುತ್ತಾಳೆ.

ಆ ಕಪಾಟಿನ ಹಲಗೆಗಳನ್ನು ಅವಳು ಕೂದಲೆಳೆಯಷ್ಟೂ ವಾಲದ ಹಾಗೆ ರಸಮಟ್ಟ ಇಟ್ಟು ಕೂರಿಸಿದ್ದಾಳೆ. ಪ್ರತಿ ಹಲಗೆಯ ಅಂಚಿಗೂ 'ಗರಿಷ್ಠ ಭಾರ' ಎಂಬ ಚೀಟಿ ಇದೆ. (ಇದು ನನ್ನ ಕಲ್ಪನೆಯಲ್ಲ. ಬೇಕಾದರೆ ಹೋಗಿ ನೋಡಿ. ಕೈ ತೊಳೆದುಕೊಂಡು ಹೋಗಿ.)

ಒಂದು ಸಂಪುಟ ಕೈಗೆ ತೆಗೆದುಕೊಂಡರೆ ಮೊದಲು ಅದರ ತೂಕವೇ ನಿಮ್ಮನ್ನು ಸುಮ್ಮನಾಗಿಸುತ್ತದೆ. ಇಟ್ಟಿಗೆ ಕೆಂಪಿನ ಬಟ್ಟೆಯ ರಟ್ಟು, ಅದರ ಮೇಲೆ ಬಣ್ಣವೇ ಇಲ್ಲದೆ ಒತ್ತಿ ಮೂಡಿಸಿದ ಒಂದು ಪಾದದ ಗುರುತು. ಒಳಗೆ ದಪ್ಪ ಹಾಳೆ. ಚಿತ್ರದಲ್ಲಿ ನೆರಳು ಇರುವ ಕಡೆಯಲ್ಲೆಲ್ಲ ಮಸಿಯ ಮೇಲೆ ಇನ್ನೊಂದು ತೆಳು ಲೇಪನ. ಪುಟವನ್ನು ಚೂರು ವಾಲಿಸಿದರೆ ಸಾವಿರಾರು ನೆರಳುಗಳು ಒದ್ದೆಯಾದಂತೆ ಮಿನುಗಿ ಮತ್ತೆ ಆರುತ್ತವೆ. ನಾನು ಅಕ್ಷರ ನಂಬಿ ಬದುಕಿದವನು, ಚಿತ್ರಕಥೆಗಳನ್ನು ಮಕ್ಕಳ ಪುಸ್ತಕವೆಂದು ಮೂಗು ಮುರಿದವನು. ಮೊದಲ ಸಲ ಆ ಪುಟ ವಾಲಿಸಿದಾಗ ನನ್ನ ಕಾಲ ಬುಡದ ಕಡೆ ಒಮ್ಮೆ ನೋಡಿಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಂಥದ್ದನ್ನು ನಾನು ಬರೆದಿಲ್ಲ, ಬರೆಯಲಾರೆ.

ಒಂದು ನಿಯಮ. ಪುಸ್ತಕವನ್ನು ಬಾಗಿಲು ಅರ್ಧ ತೆರೆದಷ್ಟೇ ತೆರೆಯಬೇಕು. ಎರಡು ಬದಿಗೂ ಒಂದೊಂದು ದಿಂಬು. ಅದಕ್ಕಿಂತ ಅಗಲ ಮಾಡಿದರೆ ಅಂಟು ಬಿಟ್ಟು ಬೆನ್ನು ಮುರಿಯುತ್ತದೆ. ಬೆನ್ನು ಮುರಿದ ಪುಸ್ತಕವನ್ನು ಅಕ್ಕನಂತೆ ಪುಸ್ತಕ ಕೂಡಿಡುವ ಜನ ಪುಸ್ತಕ ಎಂದೇ ಕರೆಯುವುದಿಲ್ಲ. ಅದಕ್ಕೆ ಅವರಲ್ಲಿ ಹೆಸರೂ ಇಲ್ಲ, 'ಅದು' ಎನ್ನುತ್ತಾರೆ.

೩

ಈಗ ಭಾವ, ಅಂದರೆ ಅಕ್ಕನ ಗಂಡ. ಅವರು ಟೇಬಲ್ ಟೆನಿಸ್ ಕೋಚ್. ಆಗಿದ್ದರು. ಒಂದು ದಿನ ಬದಿಯಿಂದ ಬಂದ ಚೆಂಡು ಅವರಿಗೆ ಕಾಣಲಿಲ್ಲ. ದೂರದಲ್ಲಿ ಇರುತ್ತಿತ್ತು, ನಡುದಾರಿಯಲ್ಲಿ ಮಾಯವಾಗಿ ಮೂಗಿನ ಹತ್ತಿರ ಮತ್ತೆ ಹುಟ್ಟುತ್ತಿತ್ತು. ವಯಸ್ಸಾಯಿತು ಎಂದು ನಗಾಡಿದರು. ಆಮೇಲೆ ಬಾಗಿಲಿಗೆ ಭುಜ ತಾಗಿಸಿಕೊಳ್ಳುವುದು, ಪಕ್ಕದವರ ಲೋಟ ಉರುಳಿಸುವುದು ಶುರುವಾಯಿತು. ಕಣ್ಣಿನ ಡಾಕ್ಟರಮ್ಮ ಹೇಳಿದ್ದಿಷ್ಟು: ನೋಟ ಅಂಚಿನಿಂದ ಮುಚ್ಚಿಕೊಂಡು ಬರುತ್ತಿದೆ, ನಡುವಿನದು ಕೊನೆಗೆ ಹೋಗುತ್ತದೆ, ಯಾವಾಗ ಎಂದು ಹೇಳುವುದಕ್ಕಾಗುವುದಿಲ್ಲ, ಇದಕ್ಕೆ ಔಷಧವಿಲ್ಲ. ಮೊದಲು ಊಟದ ತಟ್ಟೆಯಷ್ಟು ಜಗತ್ತು ಕಾಣುತ್ತಿತ್ತು. ಈಗ ಕೈ ಚಾಚಿ ಹಿಡಿದ ಬಳೆಯಷ್ಟು.

ಆ ಬಳೆಯೊಳಗೆ ಮಾತ್ರ ಎಲ್ಲವೂ ಸ್ಪಷ್ಟ. ಅಕ್ಕನ ರೆಪ್ಪೆಗೂದಲು ಎಣಿಸಬಲ್ಲರು, ಆದರೆ ಅವಳ ಎರಡು ಕಿವಿಯನ್ನು ಒಟ್ಟಿಗೆ ನೋಡಲಾರರು.

"ಸಿನಿಮಾ ನಂಗಾಗಲ್ಲ ಕಣಯ್ಯ. ಹೀರೋ ಮೂಗು ನೋಡೋಷ್ಟರಲ್ಲಿ ವಿಲನ್ ಸತ್ತಿರ್ತಾನೆ. ಕಾದಂಬರಿ ಹಿಡಿದ್ರೆ ಸಾಲು ಕೈಗೆ ಸಿಗದೆ ಓಡುತ್ತೆ. ಕಾಮಿಕ್ಸ್‌ನ ಒಂದೊಂದು ಚೌಕ ನೋಡು, ನನ್ನ ಕಣ್ಣಿನ ಅಳತೆ ತಗೊಂಡು ಹೊಲ್ದಂಗಿದೆ."

"ಭಯ ಆಗಲ್ವಾ ಭಾವ?"

"ನಿಮಗಿಂತ ಜಾಸ್ತಿ ಆಗುತ್ತೆ. ಪುಟ ತಿರುಗಿಸಿದ ತಕ್ಷಣ ನಿಮಗೆ ಭೂತ ಎಲ್ಲಿದೆ ಅಂತ ಗೊತ್ತಾಗ್ಬಿಡುತ್ತೆ. ನಾನು ಮೂಲೆಯಿಂದ ಮೂಲೆಗೆ ಹುಡುಕ್ಕೊಂಡು ಹೋಗ್ತಿರ್ತೀನಿ. ಅದು ಯಾವ ಕಡೆಯಿಂದ ಬಳೆಯೊಳಗೆ ಬರುತ್ತೋ ಗೊತ್ತಿರಲ್ಲ."

ಅಕ್ಕ ಈ ಸಂಗ್ರಹ ಶುರು ಮಾಡಿದ್ದು ಯಾಕೆ ಎಂದು ನೀವು ಕೇಳುವ ಮೊದಲೇ ಹೇಳಿಬಿಟ್ಟೆ. ಗಂಡನ ಕಣ್ಣಿಗೆ ಹಿಡಿಸುವ ಪುಸ್ತಕ ಹುಡುಕುತ್ತ ಹೊರಟವಳು ಪ್ರಳಯಕ್ಕೆ ಬಂದು ಮುಟ್ಟಿದಳು. ಮುಟ್ಟಿದ ಮೇಲೆ ಅವಳಿಗೇ ಹುಚ್ಚು ಹಿಡಿಯಿತು.

(ಈ ಕಥೆ ಯಾಕೆ ಹೀಗೆ ತುಂಡು ತುಂಡಾಗಿದೆ ಎಂದು ವಿಮರ್ಶಕರು ಏನಾದರೂ ದೊಡ್ಡದಾಗಿ ಹೇಳಬಹುದು. ಭಾವ ಹೇಳಿದ್ದು ಇದು: "ಉದ್ದಕ್ಕೆ ಬರೀಬೇಡ. ಫೋನ್‌ನಲ್ಲಿ ಅಕ್ಷರ ದೊಡ್ಡದು ಮಾಡ್ಕೊಂಡು ನಾನೇ ಓದ್ತೀನಿ. ಚಿಕ್ಕ ಚಿಕ್ಕದು ಮಾಡಿ ಕಳ್ಸು." ನನ್ನ ಆಧುನಿಕೋತ್ತರತೆಯ ಗುಟ್ಟು ಇಷ್ಟೇ.)

೪

'ಮಟಮಟ ಮಧ್ಯಾಹ್ನ'ದ ಕಥೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಬೆಳಕು ಬಿದ್ದ ದಿನ ಮನುಷ್ಯರು ಹೋದರು, ನೆರಳುಗಳು ಉಳಿದವು. ಒಡೆಯರಿಲ್ಲದ ನೆರಳುಗಳು ಪಾದಗಳನ್ನು ಹುಡುಕುತ್ತ ತಿರುಗುತ್ತವೆ. ಬದುಕಿ ಉಳಿದ ಕೆಲವೇ ಜನ ಹೊರಗೆ ಕಾಲಿಡುವುದು ನಡುಮಧ್ಯಾಹ್ನ ಮಾತ್ರ, ಆಗ ಅವರ ನೆರಳು ಕಾಲಡಿಗೇ ಸೇರಿಕೊಂಡು ಹಿಡಿಯುವುದಕ್ಕೆ ತುದಿ ಸಿಗುವುದಿಲ್ಲ. ಹೊತ್ತು ವಾಲಿದರೆ ಒಂದು ನೆರಳು ಬಂದು ನಿಮ್ಮ ನೆರಳಿನ ತಲೆಯನ್ನು ಮೆಲ್ಲಗೆ ಎಳೆಯುತ್ತದೆ. ಅಷ್ಟೇ. ರಕ್ತವಿಲ್ಲ, ಕಿರುಚಾಟವಿಲ್ಲ. ಎಳೆಸಿಕೊಂಡವರು ನೆಲಕ್ಕೆ ಮಲಗಿ ನೆಲವಾಗುತ್ತಾರೆ.

ಅದರಲ್ಲೊಬ್ಬ ಹುಡುಗಿ, ಕುಂಟಾಬಿಲ್ಲೆ ಎಂದು ಹೆಸರು. ಒಂಟಿ ಕಾಲಲ್ಲಿ ಕುಪ್ಪಳಿಸಿಕೊಂಡೇ ಓಡಾಡುತ್ತಾಳೆ, ನೆರಳುಗಳಿಗೆ ಅವಳ ಲೆಕ್ಕ ಹತ್ತುವುದಿಲ್ಲ. ಭಾವನಿಗೆ ಅವಳೆಂದರೆ ಪ್ರಾಣ. ಆರನೆಯ ಸಂಪುಟದ ಕೊನೆಗೆ ಅವಳು ಕಾಣೆಯಾಗುತ್ತಾಳೆ. ಮುಂದಿನ ಮೂರು ಸಂಪುಟದಲ್ಲಿ ಯಾರೂ ಅವಳ ಸುದ್ದಿ ಎತ್ತುವುದಿಲ್ಲ. "ಅವತ್ತು ಬೀದಿಯ ನಡುವೆ ಯಾರು ನಿಂತಿದ್ದರು ಎಂದು ಎಲ್ಲರೂ ನೋಡಿದ್ದೇವಲ್ಲ" ಎಂದು ಒಬ್ಬ ಹೇಳುತ್ತಾನೆ, ಉಳಿದವರು ತಲೆಯಾಡಿಸುತ್ತಾರೆ. ಅಲ್ಲಿಗೆ ಮುಗಿಯಿತು.

೫

ನಾವು ನೋಡಿಲ್ಲ. ಅದೇ ಈ ಕಥೆ.

ಆರನೆಯ ಸಂಪುಟದಲ್ಲಿ ಎರಡೂ ಪುಟ ತುಂಬ ಒಂದೇ ಚಿತ್ರ. ಇಳಿಹೊತ್ತಿನ ಬೀದಿ, ಎರಡೂ ಬದಿ ಮನೆಗಳು. ಎಲ್ಲ ಕಿಟಕಿಗಳಿಂದ, ಮೆಟ್ಟಿಲುಗಳಿಂದ, ಚರಂಡಿಯ ಬಾಯಿಯಿಂದ ನೆರಳುಗಳು ಹರಿದು ಬರುತ್ತಿವೆ. ಒಂದಕ್ಕೊಂದು ಅಂಟದ ಹಾಗೆ ಒಂದೊಂದನ್ನೂ ಬೇರೆ ಬೇರೆಯಾಗಿ ಬರೆದಿದ್ದಾರೆ: ಟೋಪಿಯದೊಂದು, ಬಸುರಿಯದೊಂದು, ಬಕೆಟ್ ಹಿಡಿದದ್ದೊಂದು. ಎಲ್ಲವೂ ನಡುವಿನ ಕಡೆ ಬಾಗಿವೆ. ಆ ನಡುವೆ ಯಾರೋ ನಿಂತಿದ್ದಾರೆ. ಎಡಪುಟದಲ್ಲಿ ಮೊಣಕೈಯ ಚೂರು ಕಾಣುತ್ತದೆ, ಬಲಪುಟದಲ್ಲಿ ಬಟ್ಟೆಯ ಅಂಚು. ಉಳಿದ ಇಡೀ ಮನುಷ್ಯ ಎರಡು ಪುಟ ಸೇರುವ ಮಡಿಕೆಯೊಳಗೆ, ಹಾರ್ಡ್‌ಕವರಿನ ದಪ್ಪ ಬೈಂಡಿಂಗ್ ನುಂಗಿದ ಜಾಗದಲ್ಲಿ ಇದ್ದಾನೆ. ಅಥವಾ ಇದ್ದಾಳೆ.

ನೋಡಬೇಕೆಂದರೆ ಪುಸ್ತಕವನ್ನು ಪೂರ್ತಿ ಬಿಡಿಸಬೇಕು. ಬಿಡಿಸಿದರೆ ಬೆನ್ನು ಮುರಿಯುತ್ತದೆ.

ಈ ಪುಸ್ತಕ ಇರುವವರದ್ದೊಂದು ಗುಂಪಿದೆ, ಫೋನಿನಲ್ಲಿ. ನಾನೂ ನುಸುಳಿ ನೋಡಿದ್ದೇನೆ. ಅಲ್ಲಿರುವುದು ಕುಂಟಾಬಿಲ್ಲೆಯೇ, ಎಳೆಸಿಕೊಂಡವರು ನೆಲಕ್ಕೆ ಮಲಗುತ್ತಾರಲ್ಲ, ನಿಂತಿದ್ದಾಳೆಂದರೆ ಉಳಿದಿದ್ದಾಳೆ ಎನ್ನುವವರ ಬಣ ಒಂದು, ಅಲ್ಲವೇ ಅಲ್ಲ ಎನ್ನುವವರ ಬಣ ಇನ್ನೊಂದು. ವರ್ಷಗಟ್ಟಲೆ ಜಗಳ, ಮಾತು ಬಿಟ್ಟವರೂ ಇದ್ದಾರೆ. ಇಷ್ಟು ಜನರಲ್ಲಿ ಒಬ್ಬರೂ ಪುಸ್ತಕ ಬಿಡಿಸಿ ನೋಡಿಲ್ಲ. ಎಲ್ಲರ ಮನೆಯಲ್ಲೂ ಪುಸ್ತಕವಿದೆ, ಯಾರೂ ಚಿತ್ರ ನೋಡಿಲ್ಲ. (ಯಾರೋ ಸಂದಿಯಲ್ಲಿ ಫೋನ್ ತೂರಿಸಿ ಫೋಟೋ ತೆಗೆದರು. ಕಪ್ಪು ಬಂತು. ಅದು ನೆರಳೋ ಬೆರಳೋ ಎಂದು ಇನ್ನೊಂದು ಜಗಳ. ಪ್ರಕಾಶಕರು ಬಾಗಿಲು ಹಾಕಿ ಎಷ್ಟೋ ಕಾಲವಾಯಿತು, ಚಿತ್ರ ಬರೆದವರು ಯಾರಿಗೂ ಉತ್ತರ ಕೊಟ್ಟವರಲ್ಲ.)

೭

(೬ನ್ನು ಹರಿದು ಹಾಕಿದೆ. ಅದರಲ್ಲಿ ಹೊಸ ಆಪರೇಷನ್ ಒಂದು ಬಂದು ಭಾವನ ಕಣ್ಣು ವಾಸಿಯಾಗುತ್ತಿತ್ತು. ಭಾವ ಓದಿ ಫೋನಿನಲ್ಲಿ ಹೇಳಿದರು: "ಬೇಡ ಕಣಯ್ಯ. ಇದನ್ನ ಓದಿ ನಿಮ್ಮಕ್ಕ ಮತ್ತೆ ಡಾಕ್ಟರಿಗೆ ಫೋನ್ ಹಚ್ತಾಳೆ. ಆಮೇಲೆ ಇನ್ನೊಂದು, ಕಣ್ಣು ಹೋದ ಮೇಲೆ ಒಳಗಣ್ಣು ತೆರೀತು ಅಂತೆಲ್ಲ ಬರ್ದೀಯ. ನನಗೆ ಇರೋ ಕಣ್ಣು ಸಾಕು.")

ಅದೇ ಫೋನಿನಲ್ಲಿ ಅವರು ಮೆತ್ತಗೆ ಇನ್ನೊಂದು ಮಾತು ಹೇಳಿದರು. ಬಾಗಿಲು ಎಳೆದುಕೊಂಡ ಸದ್ದು ಕೇಳಿಸಿತು.

"ಹೆಂಗೂ ಕಥೆ ಬರೀತಿದೀಯ. ಅದರಲ್ಲಿ ಅವಳು ಆ ಪುಸ್ತಕ ಬಿಡಿಸಿ ತೋರಿಸ್ತಾಳೆ ಅಂತ ಬರಿ."

"ಅಕ್ಕನ್ನೇ ಕೇಳಿ ಭಾವ. ತೋರಿಸ್ತಾಳೆ."

"ಕೇಳಿದ್ರೆ ತೋರಿಸ್ತಾಳೆ. ಅದಕ್ಕೇ ಕೇಳಿಲ್ಲ. ಅವಳ ಕಪಾಟು ನೋಡಿದೀಯಲ್ಲ."

ಬಾಗಿಲನ್ನು ಇನ್ನೊಮ್ಮೆ ಎಳೆದು ನೋಡಿ ಮತ್ತೆ ಅವರೇ ಮಾತಾಡಿದರು.

"ನಂಗೆ ಈಗ ನಡು ಮಾತ್ರ ಉಳಿದಿರೋದು. ಆ ಪುಸ್ತಕದಲ್ಲಿ ನಡು ಮಾತ್ರ ಕಾಣಲ್ಲ. ತಮಾಷೆ ಅಲ್ವಾ?"

ನನಗೆ ನಗು ಬರಲಿಲ್ಲ. ಆ ಬಳೆ ಮುಚ್ಚಿಕೊಳ್ಳುವ ಮೊದಲು ಅವರಿಗೆ ಕುಂಟಾಬಿಲ್ಲೆ ಉಳಿದಳೋ ಇಲ್ಲವೋ ತಿಳಿಯಬೇಕು. ಅವರಿಗೆ ಬೇಕಾದದ್ದು ಅಷ್ಟೇ, ಅದನ್ನು ಹೆಂಡತಿಯ ಹತ್ತಿರ ಕೇಳಲಾರದೆ ಬಾಮೈದನ ಕಥೆಯ ಹತ್ತಿರ ಕೇಳುತ್ತಿದ್ದಾರೆ.

೮

ಕೊನೆಗಳನ್ನು ಬರೆಯುವುದು ನನಗೆ ಸಲೀಸು. ಮೂರು ಬರೆದೆ.

ಕೊನೆ ಒಂದು: ಅಕ್ಕ ಪುಸ್ತಕ ಬಿಡಿಸುತ್ತಾಳೆ, ನಡುವೆ ಕುಂಟಾಬಿಲ್ಲೆ ಎರಡೂ ಕಾಲೂರಿ ನಿಂತಿದ್ದಾಳೆ. ಭಾವ ಅಳುತ್ತಾರೆ. (ನಾನೂ ಅತ್ತೆ. ನನ್ನ ಬರಹ ಓದಿ ನಾನೇ ಅಳುವುದು ನನ್ನ ಹಳೆಯ ಚಾಳಿ, ಅದಕ್ಕೆ ಬೆಲೆ ಕೊಡಬೇಡಿ.)

ಕೊನೆ ಎರಡು: ಮಡಿಕೆಯಲ್ಲಿ ಒಂದು ಕನ್ನಡಿ ಅಂಟಿಸಿದ್ದಾರೆ, ನೋಡಿದವರ ಮುಖವೇ ಅಲ್ಲಿ ಕಾಣುತ್ತದೆ. ಇಂಥ ಕೊನೆ ಬರೆಯುವ ಆಸೆ ನನ್ನಂಥವರಿಗೆಲ್ಲ ಒಮ್ಮೆ ಬರುತ್ತದೆ. ಬಂದಾಗ ಎದ್ದು ಒಂದು ಲೋಟ ನೀರು ಕುಡಿಯಬೇಕು.

ಕೊನೆ ಮೂರು: ಅಂಟು ಹಾಕಿ ಮಾಡಿದ ಪುಸ್ತಕಗಳಲ್ಲಿ ಅಂಟು ಚೆನ್ನಾಗಿ ಹಿಡಿಯಲೆಂದು ಹಾಳೆಗಳ ಒಳಅಂಚನ್ನು ಯಂತ್ರ ಮೊದಲೇ ಸವರಿಬಿಡುತ್ತದಂತೆ. ಅಕ್ಕ ಬಿಡಿಸುತ್ತಾಳೆ, ಬೆನ್ನು ಮುರಿಯುತ್ತದೆ, ಒಳಗೆ ಯಾರೂ ಇಲ್ಲ. ನಡುವೆ ನಿಂತವರು ಪುಸ್ತಕವಾಗುವ ದಿನವೇ ಕಾಗದದ ಹೊಟ್ಟಾಗಿ ಹೋಗಿದ್ದಾರೆ.

ಏಳನ್ನೂ ಎಂಟನ್ನೂ ಒಟ್ಟಿಗೆ ಅಕ್ಕನಿಗೆ ಕಳಿಸಿದೆ. ಹೌದು, ಗೊತ್ತಿದ್ದೇ ಕಳಿಸಿದೆ. ಕಥೆಗಾರನೆಂದರೆ ಚಾಡಿ ಹೇಳುವವನು, ಇನ್ನೇನು.

೯

ಅಕ್ಕ ಎರಡು ದಿನ ಫೋನ್ ಮಾಡಲಿಲ್ಲ. ಆಮೇಲೆ ಯಾವುದೋ ಕಟ್ಟಡದ ತುದಿಯ ಮೋಟಾರ್ ಕೋಣೆಯಿಂದ ಮಾಡಿದಳು. ಹಿಂದೆ ಯಂತ್ರ ಗುಂಯ್ ಎನ್ನುತ್ತಿತ್ತು.

"ಏಳರಲ್ಲಿ ಇರೋದು ನಿಜಾನಾ? ಇಲ್ಲಾ ನಿನ್ನ ಕಥೆಯಾ?"

"ಅಕ್ಕಾ, ಕಥೆ ಅಂದ್ಮೇಲೆ..."

"ನನ್ನ ಹತ್ರ ಆಟ ಆಡ್ಬೇಡ. ಅವ್ರು ಹಂಗೆ ಕೇಳಿದ್ರಾ?"

"ಕೇಳಿದ್ರು."

ಯಂತ್ರದ ಸದ್ದು ನಿಂತಿತು. ಅವಳೇ ಸ್ವಿಚ್ ಆರಿಸಿರಬೇಕು.

"ನಾನು ಪುಸ್ತಕ ಹಾಳಾಗುತ್ತೆ ಅಂತ ತೋರಿಸ್ಲಿಲ್ಲ ಅಂದ್ಕೊಂಡಿದಾರಾ ಅವ್ರು?"

"ಇನ್ಯಾಕೆ ಮತ್ತೆ?"

"ನಿನ್ನ ಮೂರನೇ ಕೊನೆ ಇದೆಯಲ್ಲ. ಅದು ನಂಗೆ ಮೊದಲಿಂದ್ಲೂ ಗೊತ್ತು ಕಣೋ. ಯಂತ್ರ ಎಷ್ಟು ಸವರುತ್ತೆ ಅಂತ ಎಲ್ಲಾ ಕೇಳಿ ತಿಳ್ಕೊಂಡಿದೀನಿ. ಇದ್ರೂ ಇರ್ಬಹುದು, ಹೋಗಿದ್ರೂ ಹೋಗಿರ್ಬಹುದು. ಅವ್ರು ಬೆಳಿಗ್ಗೆ ಎದ್ದು, ಅವಳು ಉಳಿದಿರ್ತಾಳೆ ಕಣೇ, ಅವಳು ಅಷ್ಟು ಸುಲಭಕ್ಕೆ ಸಿಗೋಳಲ್ಲ, ಅಂತಾರೆ. ಬಿಡಿಸಿ ನೋಡಿದಾಗ ಅಲ್ಲಿ ಏನೂ ಇಲ್ದೇ ಹೋದ್ರೆ ನಾನು ಅವ್ರಿಗೆ ಏನು ಹೇಳ್ಲಿ?"

ಇಷ್ಟು ವರ್ಷ ಅವಳು ಗ್ಲೌಸ್ ಹಾಕಿಕೊಂಡು ಕಾಯುತ್ತಿದ್ದದ್ದು ಪುಸ್ತಕದ ಬೆನ್ನನ್ನಲ್ಲ. ಗಂಡ ಹೆಂಡತಿಯ ಕಪಾಟಿನ ಮೇಲೆ ಕನಿಕರಪಟ್ಟು ಕೇಳಲಿಲ್ಲ, ಹೆಂಡತಿ ಗಂಡನ ನಂಬಿಕೆಯ ಮೇಲೆ ಕನಿಕರಪಟ್ಟು ತೋರಿಸಲಿಲ್ಲ. ನಡುವೆ ಒಂದು ಪುಸ್ತಕ ಅರ್ಧ ಬಾಗಿಲಿನಂತೆ ನಿಂತುಬಿಟ್ಟಿತ್ತು. ಇದನ್ನು ನಾನು ಕಟ್ಟಿದ್ದಲ್ಲ. ನಾನು ಕಟ್ಟಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

"ಕೊನೆ ಏನು ಬರೀತೀಯ ಹೇಳು" ಎಂದಳು. "ಒಳಗೆ ಯಾರಿದಾರೆ?"

"ನಂಗೊತ್ತಿಲ್ಲ ಅಕ್ಕಾ."

"ಬರೆಯೋನು ನೀನು."

"ಬರೆಯೋನು ನಾನೇ. ಆದ್ರೂ ಗೊತ್ತಿಲ್ಲ."

ಯಂತ್ರ ಮತ್ತೆ ಗುಂಯ್ ಎಂದಿತು. "ಭಾನುವಾರ ಬಾ. ಮಧ್ಯಾಹ್ನ. ಬೆಳಕು ಚೆನ್ನಾಗಿರ್ಬೇಕು ಅವ್ರಿಗೆ" ಎಂದಳು.

೧೦

ಓದುಗರೇ, ಇನ್ನು ಮುಂದಿನದು ಈಗ ನಡೆಯುತ್ತಿದೆ.

ಬಾಲ್ಕನಿಗೆ ಊಟದ ಮೇಜನ್ನು ಎಳೆದು ತಂದಿದ್ದೇವೆ. ಬಿಸಿಲು ನೆತ್ತಿಯ ಮೇಲೆ. ಭಾವ ಕುರ್ಚಿಯಲ್ಲಿ ಕೂತು ಎರಡು ಕೈಯನ್ನೂ ತೊಡೆಯ ಮೇಲೆ ಇಟ್ಟುಕೊಂಡಿದ್ದಾರೆ, ಮ್ಯಾಚ್ ಶುರುವಾಗುವ ಮೊದಲು ಹಾಗೇ ಕೂರುತ್ತಿದ್ದರಂತೆ. ಅಕ್ಕ ಆರನೆಯ ಸಂಪುಟ ತಂದು ಮೇಜಿನ ಮೇಲಿಟ್ಟಳು. ದಿಂಬು ತರಲಿಲ್ಲ. ಗ್ಲೌಸ್ ಇಲ್ಲ. ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಗ್ರೀಸು ನನಗೆ ಕಾಣುತ್ತಿದೆ.

"ರೀ, ಒಂದು ಮಾತು" ಎಂದಳು. "ಅಲ್ಲಿ ಏನೂ ಇಲ್ದೇನೂ ಇರ್ಬಹುದು. ಯಂತ್ರ ಸವರಿಬಿಟ್ಟಿರುತ್ತೆ ಕೆಲವು ಸಲ."

"ಗೊತ್ತು ಕಣೇ."

"ಗೊತ್ತಾ? ಯಾವಾಗಿಂದ?"

"ಇವನ ಕಥೆಯ ಎಂಟು ನಂಗೂ ಬಂತು."

ಅಕ್ಕ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. "ಆದ್ರೂ ನೋಡ್ತೀರಾ?" ಎಂದು ಗಂಡನನ್ನು ಕೇಳಿದಳು.

"ಇರೋ ಹೊತ್ತಲ್ಲಿ ನೋಡ್ಬೇಕು" ಎಂದರು ಭಾವ. ಅವರಿದ್ದಷ್ಟು ಹೊತ್ತೋ ಚಿತ್ರ ಇದ್ದಷ್ಟು ಹೊತ್ತೋ ಕಣ್ಣಿದ್ದಷ್ಟು ಹೊತ್ತೋ ಅವರು ಬಿಡಿಸಿ ಹೇಳಲಿಲ್ಲ.

ಲೇಖಕನಿಗೆ ಸಿಕ್ಕ ಕೆಲಸ ಬಲಗಡೆಯ ರಟ್ಟು ಒತ್ತಿ ಹಿಡಿಯುವುದು. ಎಡಗಡೆ ಅಕ್ಕ. ಇಬ್ಬರೂ ಒಟ್ಟಿಗೆ ಒತ್ತಿದೆವು. ಪುಸ್ತಕ ಬಾಗಿಲಿನಷ್ಟು ತೆರೆಯಿತು, ಅದಕ್ಕಿಂತ ತುಸು ಹೆಚ್ಚು ತೆರೆಯಿತು, ಅಲ್ಲಿ ನಿಂತಿತು. ಅಕ್ಕ ಎದ್ದು ನಿಂತು ಮೈಭಾರ ಕೊಟ್ಟಳು. ಒಳಗೆಲ್ಲೋ ಅಂಟು ಒಂದೊಂದೇ ಎಳೆ ಬಿಡುವ ಸದ್ದಾಯಿತು, ಆಮೇಲೆ ಒಂದೇ ಸಲಕ್ಕೆ ಲಟ್ಟೆಂದಿತು. ಎರಡು ಪುಟಗಳೂ ಮೇಜಿನ ಮೇಲೆ ಚಪ್ಪಟೆಯಾಗಿ ಬಿದ್ದವು. ನಡುಬಿಸಿಲಿಗೆ ಅಷ್ಟೂ ನೆರಳುಗಳು ಒಟ್ಟಿಗೆ ಮಿನುಗಿದವು, ಇಡೀ ಬೀದಿಯೇ ನಮ್ಮ ಕೈಗಳ ನಡುವೆ ಬಂದು ನಿಂತ ಹಾಗಾಯಿತು. ಅಷ್ಟರಲ್ಲಿ ಭಾವನ ತಲೆ ಬಗ್ಗಿತು. ಮಡಿಕೆಯ ಒಂದು ಗೆರೆಯೂ ತಪ್ಪಬಾರದೆಂದು ಮೂಗು ಹಾಳೆಗೆ ತಾಗುವಷ್ಟು ಬಗ್ಗುತ್ತಾರೆ. ಅವರ ತಲೆ ನಡುವನ್ನು ಪೂರ್ತಿ ಮುಚ್ಚಿತು. ನನಗೂ ಅಕ್ಕನಿಗೂ ಕಾಣುವುದು ಅವರ ಕೂದಲು, ಬಿಸಿಲಿಗೆ ಕೆಂಪಗಾದ ಕತ್ತು, ಎರಡು ಬದಿಯಿಂದ ಅದರ ಕಡೆಗೆ ಹರಿಯುತ್ತಿರುವ ನೆರಳುಗಳು.

ಕೈ ಬಿಟ್ಟರೆ ಬಾಲ್ಕನಿಯ ಗಾಳಿಗೆ ಪುಟ ಮೇಲೇಳುತ್ತದೆ, ಬಿಡುವ ಹಾಗಿಲ್ಲ. ನಾನು ಸ್ವಲ್ಪ ವಾಲಿ ಇಣುಕಬಹುದು. ಇಣುಕುವುದಿಲ್ಲ. ನಿಮಗೆ ಸಿಟ್ಟು ಬರುತ್ತಿದೆ, ಗೊತ್ತು. ಇಷ್ಟು ದೂರ ಕರೆದುಕೊಂಡು ಬಂದು ಕೈಕೊಟ್ಟ ಎನ್ನುತ್ತೀರಿ. ಆದರೆ ನಾನು ಮುಂದಿನ ವಾಕ್ಯ ಬರೆದರೆ ಭಾವ ತಲೆ ಎತ್ತಬೇಕಾಗುತ್ತದೆ. ತಲೆ ಎತ್ತಿದರೆ ಭಾನುವಾರ ಮುಗಿದು ಸೋಮವಾರ ಬರುತ್ತದೆ, ಬಳೆ ಇನ್ನಷ್ಟು ಕಿರಿದಾಗುತ್ತದೆ. ಬರೆಯದಿದ್ದರೆ ಅವರು ನೋಡುತ್ತಲೇ ಇರುತ್ತಾರೆ. ನನ್ನ ಕೈಯಲ್ಲಿರುವುದು ಇದೊಂದೇ.

"ಏನಾದ್ರೂ ಹೇಳ್ರೀ" ಎಂದಳು ಅಕ್ಕ. "ಇದಾಳಾ?"

"ತಡಿಯೇ. ಇನ್ನೂ ನೋಡ್ತಾ ಇದೀನಿ."